ಜಟ್ಟಿ, ಪೈಲ್ವಾನ್: ಗರಡಿ ಮಾತಿನ ಬೇರು

ಕರಾಟೆ ಅಂದ್ರೆ ಜಪಾನಿಯಲ್ಲಿ 'ಬರಿಗೈ' ಅಂತ ಅರ್ಥ. ಸರಿ, 'ಜಟ್ಟಿ' ಅಂದ್ರೆ?

ಸಾಲಗಾಮೆಯಿಂದ ಮೈಸೂರಿನವರೆಗೆ ಗರಡಿ ಮಾತು ಬಂದ್ರೆ ಕುಸ್ತಿ, ಪೈಲ್ವಾನ್, ಉಸ್ತಾದ್ ಅಂತೀವಿ. ಮೂರೂ ಪಾರ್ಸಿ ಮೂಲದ ಪದಗಳು. ಜಟ್ಟಿಯದು ಬೇರೆ ಕಥೆ.

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಆಗ ನಮ್ಮ ಹಾಸನ ಸೀಮೆ ಹೊಯ್ಸಳರದ್ದು. ಆ ಗ್ರಂಥದ ಮಲ್ಲವಿನೋದ ಭಾಗ ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನ ವಿಂಗಡಿಸುತ್ತೆ. ಒಂದು ದರ್ಜೆಯ ಹೆಸರು 'ಜ್ಯೇಷ್ಠಿಕ'. ನಮ್ಮ 'ಜಟ್ಟಿ'ಯ ಬೇರು ಈ 'ಜ್ಯೇಷ್ಠ'ದಲ್ಲೇ ಇದೆ. ಮೈಸೂರು ದಸರಾದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯೋರು ಇವತ್ತಿಗೂ ಜಟ್ಟಿಗಳೇ.

ಗರಡಿ ಬಾಗಿಲು ಮುಚ್ಚಿದ್ರೆ ಪಟ್ಟು, ವರಸೆ, ಸಾಮು ನಿಘಂಟಿನಲ್ಲಷ್ಟೇ ಉಳಿಯುತ್ವೆ. ನಿಮ್ಮೂರಿನ ಹಿರಿಯ ಪೈಲ್ವಾನರನ್ನ ಮಾತಾಡಿಸಿ, ಪಟ್ಟುಗಳ ಹೆಸರನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.