ಏರ್‌ಪೋರ್ಟ್ ತಪಾಸಣೆ: ಎಲ್ಲರನ್ನೂ ನೋಡೋದು ಬೇರೆ, ಆರಿಸಿ ಕೆಲವರನ್ನ ನೋಡೋದು ಬೇರೆ

ಏರ್‌ಪೋರ್ಟ್ ಸೆಕ್ಯುರಿಟಿ ಬಗ್ಗೆ ಮಾತು ಬಂದಾಗೆಲ್ಲ ನಮ್ಮ ಗುಂಪುಗಳಲ್ಲಿ ಎರಡು ಥರದ ಮಾತು ಕೇಳ್ತೀನಿ. "ತಪ್ಪು ಮಾಡದವನಿಗೆ ಯಾಕೆ ಭಯ" ಅನ್ನೋರು ಒಂದು ಕಡೆ, "ಇದೆಲ್ಲ ಪ್ರಭುತ್ವದ ದಬ್ಬಾಳಿಕೆ" ಅನ್ನೋರು ಇನ್ನೊಂದು ಕಡೆ. ಎರಡೂ ನನಗೆ ಸಾಲಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಮೊದಲು ಒಂದು ಮಾತು. ಆ ಗೇಟಿನಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಕೈ ಎತ್ತಿಸಿ ಮೈ ತಡವಿ ನೋಡುವಾಗ ಯಾರ ಜಾತಿಯನ್ನೂ ಕೇಳಲ್ಲ. ನನ್ನ ಮುಂದೆ ನಿಂತ ಜನಿವಾರದವರನ್ನು ಮುಟ್ಟಿದ ಕೈಯೇ ನನ್ನನ್ನೂ ಮುಟ್ಟುತ್ತೆ. ಅವರ ಬೆಲ್ಟು, ಪರ್ಸು ಹೋದ ಟ್ರೇನಲ್ಲೇ ನನ್ನದೂ ಹೋಗುತ್ತೆ. ಈ ದೇಶದಲ್ಲಿ ಎಲ್ಲರನ್ನೂ ಒಂದೇ ಸಮ ಮುಟ್ಟೋ ಜಾಗ ಎಷ್ಟಿವೆ ಹೇಳಿ? ಹಾಗಾಗಿ ತಪಾಸಣೆ ಅಂದ ಕೂಡಲೇ ಅವಮಾನ ಅಂತ ನನಗೆ ಅನ್ನಿಸಲ್ಲ. ನನ್ನ ಪ್ರಶ್ನೆ ಬೇರೆ. ಎಲ್ಲರನ್ನೂ ನೋಡ್ತಾರಾ, ಇಲ್ಲ ಆರಿಸಿ ಕೆಲವರನ್ನ ಮಾತ್ರ ನೋಡ್ತಾರಾ? ಆರಿಸೋದಾದ್ರೆ, ಆರಿಸುವ ಪಟ್ಟಿ ಯಾರ ಕೈಯಲ್ಲಿದೆ?

ಈ ಪ್ರಶ್ನೆ ಮೊದಲು ಜೋರಾಗಿ ಎದ್ದಿದ್ದು ಅಮೆರಿಕದಲ್ಲಿ. 1968ರಿಂದ 1972ರವರೆಗೆ ಅಲ್ಲಿ ನೂರಕ್ಕೂ ಹೆಚ್ಚು ವಿಮಾನಗಳ ಅಪಹರಣ ಆಯ್ತು. ಸುಮಾರು ಜನ "ಕ್ಯೂಬಾಕ್ಕೆ ತಿರುಗಿಸು" ಅಂತಿದ್ರು. ಆಗ ವಿಮಾನ ಹತ್ತೋದು ನಮ್ಮಲ್ಲಿ ಕೆಂಪು ಬಸ್ಸು ಹತ್ತಿದ ಹಾಗೆ, ಯಾರೂ ಏನೂ ನೋಡ್ತಿರಲಿಲ್ಲ. ಎಲ್ಲರನ್ನೂ ತಪಾಸಣೆ ಮಾಡಿ ಅಂದ್ರೆ ವಿಮಾನ ಕಂಪನಿಗಳೇ ಒಪ್ಪಲಿಲ್ಲ. ಖರ್ಚು ಜಾಸ್ತಿ, ಗಿರಾಕಿಗಳು ಬೇಸರ ಮಾಡ್ಕೋತಾರೆ ಅಂತ. ಅದಕ್ಕೆ ಅಲ್ಲಿನ ವಿಮಾನಯಾನ ಇಲಾಖೆ ಒಂದು ಸುಲಭದ ದಾರಿ ಹುಡುಕಿತು. ಮನಶ್ಶಾಸ್ತ್ರಜ್ಞರನ್ನ ಕೂರಿಸಿ, ಅಪಹರಣಕಾರ ಹೇಗಿರ್ತಾನೆ ಅಂತ ಲಕ್ಷಣಗಳ ಒಂದು ಗುಟ್ಟಿನ ಪಟ್ಟಿ ಮಾಡಿಸಿತು. ಅದಕ್ಕೆ 'ಪ್ರೊಫೈಲ್' ಅಂತ ಹೆಸರು. ಟಿಕೆಟ್ ಕೌಂಟರಿನವರು ಆ ಪಟ್ಟಿ ಇಟ್ಟುಕೊಂಡು ಪ್ರಯಾಣಿಕರನ್ನ ಅಳೀತಿದ್ರು. ಹೊಂದಿಕೆ ಆದವರನ್ನ ಮಾತ್ರ ಪಕ್ಕಕ್ಕೆ ಕರೆದು ತಪಾಸಣೆ.

"ನಾವು ನಡವಳಿಕೆ ಮಾತ್ರ ನೋಡ್ತೀವಿ, ಜನಾಂಗ ನೋಡಲ್ಲ" ಅಂತ ಇಲಾಖೆ ಹೇಳ್ತಿತ್ತು. ನಿಜ ಏನು ಅಂತ 1971ರಲ್ಲಿ ನ್ಯೂಯಾರ್ಕಿನ ಒಂದು ಕೋರ್ಟಿನಲ್ಲಿ ಹೊರಗೆ ಬಂತು. ಲೋಪೆಜ್ ಪ್ರಕರಣ ಅಂತ. ಆ ಪ್ರಯಾಣಿಕನ ಹತ್ರ ಆಯುಧ ಇರಲಿಲ್ಲ, ಹೆರಾಯಿನ್ ಸಿಕ್ತು. ನ್ಯಾಯಾಧೀಶರು ಜ್ಯಾಕ್ ವೈನ್‌ಸ್ಟೈನ್. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನ ಬೇರೆ ಕೂರಿಸೋದನ್ನ ಕೊನೆಗಾಣಿಸಿದ 'ಬ್ರೌನ್' ಮೊಕದ್ದಮೆಯಲ್ಲಿ ಥರ್ಗುಡ್ ಮಾರ್ಷಲ್ ಅವರ ಜೊತೆ ಕೆಲಸ ಮಾಡಿದ್ದವರು. ಪಟ್ಟಿಯನ್ನ ನಿಯತ್ತಾಗಿ, ಎಲ್ಲರಿಗೂ ಒಂದೇ ಥರ ಬಳಸಿದ್ರೆ ಅದು ಸಂವಿಧಾನಕ್ಕೆ ಒಪ್ಪಿಗೆ ಅಂದ್ರು. ಆದರೆ ಈ ಕೇಸಿನಲ್ಲಿ ವಿಮಾನ ಕಂಪನಿಯವರು ತಮ್ಮ ಪಾಡಿಗೆ ತಾವೇ ಪಟ್ಟಿ ತಿದ್ದಿದ್ರು. ಇದ್ದ ಒಂದು ಲಕ್ಷಣ ತೆಗೆದು ಹೊಸದು ಸೇರಿಸಿದ್ರು, ಸೇರಿಸಿದ್ದರಲ್ಲಿ ಒಂದು ಜನಾಂಗಕ್ಕೆ ಸಂಬಂಧಪಟ್ಟದ್ದು. ಹೆರಾಯಿನ್ ಸಿಕ್ಕಿದ್ರೂ ಆ ಸಾಕ್ಷ್ಯ ನಡೆಯಲ್ಲ ಅಂತ ಜಡ್ಜ್ ತೆಗೆದುಹಾಕಿದ್ರು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಮೇಲಿನವರು ಬರೆದ ಪಟ್ಟಿಯಲ್ಲಿ ಜನಾಂಗ ಇರಲಿಲ್ಲ. ಕೌಂಟರಿಗೆ ಬರೋ ಹೊತ್ತಿಗೆ ಸೇರಿಕೊಂಡಿತ್ತು. ಯಾರೂ ಆದೇಶ ಮಾಡಬೇಕಾಗಿರಲಿಲ್ಲ. ನಮ್ಮ ಊರುಗಳಲ್ಲಿ ದೇವಸ್ಥಾನದ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ ಇದೇ ಅಲ್ವಾ ಆಗೋದು? ಕಾನೂನಲ್ಲಿ ಇಲ್ಲ, ಕೈಯಲ್ಲಿದೆ.

ಆಮೇಲೆ 1972ರ ನವೆಂಬರಿನಲ್ಲಿ ಮೂವರು ಸದರ್ನ್ ಏರ್‌ವೇಸ್ ವಿಮಾನ ಅಪಹರಿಸಿ, ಓಕ್ ರಿಡ್ಜ್ ಅಣುಸ್ಥಾವರದ ಮೇಲೆ ಕೆಡವ್ತೀವಿ ಅಂತ ಬೆದರಿಸಿದ್ರು. ಅಲ್ಲಿಗೆ ಪಟ್ಟಿಯ ಆಟ ಮುಗೀತು. 1973ರ ಜನವರಿ 5ರಿಂದ ಅಮೆರಿಕದಲ್ಲಿ ಪ್ರತಿ ಪ್ರಯಾಣಿಕನ, ಪ್ರತಿ ಕೈಚೀಲದ ತಪಾಸಣೆ ಕಡ್ಡಾಯ ಆಯ್ತು. ಆ ವರ್ಷ ಅಪಹರಣಗಳು ಬೆರಳೆಣಿಕೆಗೆ ಇಳಿದವು. ಅಂದ್ರೆ ವಿಮಾನ ಕಾಪಾಡಿದ್ದು ಲೋಹ ಹಿಡಿಯೋ ಬಾಗಿಲು. ಅದಕ್ಕೆ ನಿಮ್ಮ ಹೆಸರು ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ಅದೇ ವರ್ಷ ಡೇವಿಸ್ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಇಂಥ ತಪಾಸಣೆಯನ್ನ ಒಪ್ಪಿಕೊಂಡು, ಎರಡು ಗೆರೆ ಎಳೀತು. ತಪಾಸಣೆ ಅಗತ್ಯಕ್ಕಿಂತ ಹೆಚ್ಚು ಮೈಮೇಲೆ ಬರಬಾರದು. ಬೇಡ ಅನ್ನಿಸಿದವನಿಗೆ ವಿಮಾನ ಹತ್ತದೆ ವಾಪಸ್ ಹೋಗೋ ಅವಕಾಶ ಇರಬೇಕು.

ಈ ಪಟ್ಟಿಯ ಕಥೆ ಓದುವಾಗ ನನಗೆ ನೆನಪಾಗೋದು ನಮ್ಮದೇ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ವಿಮಾನ ಹುಟ್ಟೋ ಮೊದಲೇ ಈ ನೆಲದಲ್ಲಿ 'ಪ್ರೊಫೈಲ್' ಹುಟ್ಟಿತ್ತು. ಹುಟ್ಟಿದ ಜಾತಿಯೇ ಲಕ್ಷಣ. ಹೆಸರು ನೋಂದಾಯಿಸು, ಠಾಣೆಗೆ ಹೋಗಿ ಹಾಜರಿ ಹಾಕು, ಊರು ದಾಟಬೇಕಾದ್ರೆ ಪಾಸ್ ತಗೋ. 1911ರ ತಿದ್ದುಪಡಿ ಆದ ಮೇಲೆ ಬೆರಳಚ್ಚು ಕೊಡು. ಹುಬ್ಬಳ್ಳಿಗೆ, ಗದಗ-ಬೆಟಗೇರಿಗೆ ಹೋಗಿ ಕೇಳಿ, 'ಸೆಟ್ಲ್‌ಮೆಂಟ್' ಅಂತ ಕರೆಯೋ ಜಾಗ ಇವತ್ತಿಗೂ ಇದೆ. ಘಂಟಿಚೋರ್, ಕೊರಚ, ಕಂಜರಭಾಟ ಕುಟುಂಬಗಳನ್ನ ಕೂಡಿಹಾಕಿದ್ದ ಜಾಗಗಳು ಅವು. ಆ 1871ರ ಕಾಯ್ದೆಯಲ್ಲಿ ಒಂದು ಕಲಂ ಇತ್ತು: ಯಾವ ಬುಡಕಟ್ಟನ್ನಾದರೂ ಅಪರಾಧಿ ಅಂತ ಸರ್ಕಾರ ಘೋಷಿಸಿದ್ರೆ ಅದನ್ನ ಯಾವ ಕೋರ್ಟೂ ಪ್ರಶ್ನೆ ಮಾಡೋ ಹಾಗಿಲ್ಲ! 1952ರಲ್ಲಿ ಕಾಯ್ದೆ ಹೋಯ್ತು. ಅನುಮಾನ ಹೋಗಲಿಲ್ಲ.

ಅನುಮಾನದ ಪಟ್ಟಿ ಅಮೆರಿಕಕ್ಕೂ ವಾಪಸ್ ಬಂತು. 2001ರ ಸೆಪ್ಟೆಂಬರ್ 11ರ ನಂತರ 'ನೋ ಫ್ಲೈ' ಪಟ್ಟಿ ಉದ್ದ ಆಗ್ತಾ ಹೋಯ್ತು. ಹೆಸರು ಇದೆಯಾ ಅಂತ ಆಗ ಹೇಳ್ತಿರಲಿಲ್ಲ, ಯಾಕಿದೆ ಅಂತಲೂ ಹೇಳ್ತಿರಲಿಲ್ಲ. ಒರೆಗಾನ್‌ನ ಫೆಡರಲ್ ನ್ಯಾಯಾಧೀಶೆ ಆನಾ ಬ್ರೌನ್ 2014ರಲ್ಲಿ, ಕಾರಣ ತಿಳಿಸದೆ, ಉತ್ತರ ಕೊಡೋಕೆ ಅವಕಾಶ ಇಲ್ಲದೆ ಹೀಗೆ ತಡೆಯೋದು ಸಂವಿಧಾನಕ್ಕೆ ವಿರುದ್ಧ ಅಂದ್ರು. ನಮ್ಮಲ್ಲಿ ರೌಡಿ ಶೀಟ್ ತೆಗೆಸೋಕೆ ಠಾಣೆಗೆ ಅಲೆದಿರೋ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

"ಹಾಗಾದ್ರೆ ಭದ್ರತೆ ಬೇಡ್ವಾ?" ಅಂತ ಕೇಳ್ತೀರಿ. ಬೇಕು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಅದು ಹೇಗಾಯ್ತು ನೋಡಿ. ಬಾಂಬ್ ಇದ್ದ ಸೂಟ್‌ಕೇಸ್ ವ್ಯಾಂಕೂವರಿನಲ್ಲಿ ಹತ್ತಿತು, ಅದರ ಪ್ರಯಾಣಿಕ ಹತ್ತಲೇ ಇಲ್ಲ. ಟೊರೊಂಟೊದಲ್ಲಿ ಎಕ್ಸ್‌ರೇ ಯಂತ್ರ ಕೆಟ್ಟು ನಿಂತಿತ್ತು. ಪ್ರತಿ ಚೀಲವನ್ನೂ ನೋಡೋ ಯಂತ್ರ ನೆಟ್ಟಗಿದ್ದು, ಆಳಿಲ್ಲದ ಚೀಲ ಕೆಳಗಿಳಿಸು ಅನ್ನೋ ಸಾದಾ ನಿಯಮ ಪಾಲಿಸಿದ್ದಿದ್ರೆ ಆ ಸೂಟ್‌ಕೇಸ್ ಮುಂದೆ ಹೋಗೋದು ಕಷ್ಟ ಇತ್ತು. ಯಾರ ಗಡ್ಡ, ಯಾರ ಹೆಸರು ಅಂತ ನೋಡೋ ಅಗತ್ಯ ಇರಲಿಲ್ಲ. 1999ರಲ್ಲಿ ಐಸಿ-814 ಕಂದಹಾರಕ್ಕೆ ಹೋದ ಮೇಲೆ ನಮ್ಮ ಏರ್‌ಪೋರ್ಟುಗಳು ರಾಜ್ಯ ಪೊಲೀಸರ ಕೈಯಿಂದ ಸಿಐಎಸ್‌ಎಫ್ ಕೈಗೆ ಹೋದವು. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು ಇನ್ನೊಂದು ಪಟ್ಟಿ ಬಗ್ಗೆ. ತಪಾಸಣೆಯಿಂದ ಯಾರಿಗೆ ವಿನಾಯಿತಿ ಅನ್ನೋ ಪಟ್ಟಿ. ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿಗಳು ಅಂತ ಶುರುವಾಗಿ, ಒಂದು ಕಾಲಕ್ಕೆ ಯಾವ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಹೆಸರೂ ಅದರಲ್ಲಿತ್ತು. ತೆಗೆದಿದ್ದು 2015ರಲ್ಲಿ. ರಾಜಸ್ಥಾನ ಹೈಕೋರ್ಟು "ಹೈಕೋರ್ಟ್ ನ್ಯಾಯಮೂರ್ತಿಗಳನ್ನೂ ಸೇರಿಸಿ" ಅಂತ ಆದೇಶ ಮಾಡಿತ್ತು. ಭದ್ರತೆ ಅನ್ನೋದು ಪ್ರತಿಷ್ಠೆಯ ವಿಷಯ ಅಲ್ಲ ಅಂತ ಹೇಳಿ 2016ರಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿತು. 2009ರಲ್ಲಿ ಕಲಾಂ ಸಾಹೇಬರನ್ನ ದೆಹಲಿಯಲ್ಲೇ ಅಮೆರಿಕದ ವಿಮಾನ ಕಂಪನಿಯವರು ತಪಾಸಣೆ ಮಾಡಿದ್ದು ಗೊತ್ತಾದಾಗ ಸಂಸತ್ತು ಕುದಿದುಹೋಯ್ತು. ಮಂಗಳೂರಲ್ಲಿ ಹುಟ್ಟಿದ ನಮ್ಮ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿ ಆಗಿದ್ದಾಗಲೇ ಅವರ ಬಟ್ಟೆ ಬಿಚ್ಚಿಸಿ ವಾಷಿಂಗ್ಟನ್ನಿನಲ್ಲಿ ತಪಾಸಣೆ ಮಾಡಿದ್ರು ಅಂತ ಸ್ಟ್ರೋಬ್ ಟಾಲ್ಬಟ್ 2004ರಲ್ಲಿ ಬರೆದ ಮೇಲೆ ಅಮೆರಿಕ ಕ್ಷಮೆ ಕೇಳ್ತು. ಬಟ್ಟೆ ಬಿಚ್ಚಿಸಿದ್ದು ಖಂಡಿತ ತಪ್ಪು, ಅದು ಯಾರಿಗೆ ಮಾಡಿದ್ರೂ ತಪ್ಪು. ಆದರೆ ನಮ್ಮ ದೊಡ್ಡವರಿಗೆ ನೋವಾಗೋದು ತಪಾಸಣೆಯ ಕ್ರೌರ್ಯಕ್ಕಲ್ಲ, ತಮ್ಮನ್ನೂ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ. ಕೃತಕ ಕಾಲು ಹಾಕಿಕೊಂಡು ನೃತ್ಯ ಮಾಡುವ ಸುಧಾ ಚಂದ್ರನ್ ಪ್ರತಿ ಸಲ ಏರ್‌ಪೋರ್ಟಿನಲ್ಲಿ ಆ ಕಾಲು ಬಿಚ್ಚಿಸ್ತಾರೆ ಅಂತ 2021ರಲ್ಲಿ ವಿಡಿಯೋ ಮಾಡಿ ಹೇಳಿದ ಮೇಲೆ ಸಿಐಎಸ್‌ಎಫ್ ಕ್ಷಮೆ ಕೇಳ್ತು. ಅವರಿಗೆ ಹೆಸರಿತ್ತು. ಹೆಸರಿಲ್ಲದವರು ಬಿಚ್ಚಿ, ಮತ್ತೆ ಕಟ್ಟಿಕೊಂಡು ಹೋಗ್ತಾರೆ.

ಈಗ ಬಂದಿರೋದು ಮುಖದ ಪಟ್ಟಿ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಡಿಜಿಯಾತ್ರಾ ಶುರುವಾಯ್ತು. ಆಧಾರ್ ಕೊಟ್ಟು, ಸೆಲ್ಫಿ ಕೊಟ್ಟು ನೋಂದಾಯಿಸಿದ್ರೆ ಮುಖ ತೋರಿಸಿ ಒಳಗೆ ಹೋಗಬಹುದು. ನಡೆಸೋದು ಡಿಜಿಯಾತ್ರಾ ಫೌಂಡೇಶನ್. ಅದರಲ್ಲಿ ಸರ್ಕಾರಿ ಏರ್‌ಪೋರ್ಟ್ ಪ್ರಾಧಿಕಾರದ ಪಾಲು ಶೇ. 26, ಉಳಿದಿದ್ದು ಬೆಂಗಳೂರು ಸೇರಿದಂತೆ ಐದು ಏರ್‌ಪೋರ್ಟ್ ಕಂಪನಿಗಳದ್ದು. ಮುಖ ನಮ್ಮದು, ಪಟ್ಟಿ ಅವರದ್ದು.

ಅಮೆರಿಕದಲ್ಲಿ ಜಾಯ್ ಬೂಲಮ್ವಿನಿ, ಟಿಮ್ನಿಟ್ ಗೆಬ್ರು ಅನ್ನೋ ಇಬ್ಬರು ಕಪ್ಪು ಮಹಿಳೆಯರು 2018ರಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳೋ ಮೂರು ಕಂಪನಿಗಳ ತಂತ್ರಾಂಶ ಪರೀಕ್ಷೆ ಮಾಡಿದ್ರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. ಡಿಜಿಯಾತ್ರಾ ಮಾಡೋ ಕೆಲಸ ಬೇರೆ, ಅದೇ ಅಂಕಿ ಇಲ್ಲಿಗೆ ಅಂಟಿಸೋಕಾಗಲ್ಲ. ಆದರೆ ಯಂತ್ರಕ್ಕೆ ಬಣ್ಣ ಗೊತ್ತಿಲ್ಲ ಅಂತ ನಾನು ಮೇಲೆ ಹೇಳಿದ್ನಲ್ಲ, ಅದು ಲೋಹ ಹಿಡಿಯೋ ಬಾಗಿಲಿಗೆ ಮಾತ್ರ. ಈ ಯಂತ್ರಕ್ಕೆ ಬಣ್ಣ ಗೊತ್ತು. ನಮ್ಮ ದುಡಿಯೋ ಹೆಂಗಸರ ಬಿಸಿಲಿಗೆ ಸುಟ್ಟ ಮುಖಗಳ ಮೇಲೆ ಇದನ್ನ ಯಾರು ಪರೀಕ್ಷೆ ಮಾಡಿದ್ದಾರೆ?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ರು. ಆಧಾರ್ ವಿರುದ್ಧ ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಈ ಹಕ್ಕಿಗೆ ಕೈ ಹಾಕಬೇಕಾದ್ರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟು ಮಾತ್ರ ಇರಬೇಕು ಅಂತ ಆ ತೀರ್ಪು ಹೇಳುತ್ತೆ. ಕೈಚೀಲದಲ್ಲಿ ಚಾಕು ಇದೆಯಾ ಅಂತ ನೋಡೋದು ಇದಕ್ಕೆ ಸರಿಹೊಂದುತ್ತೆ. ಸಾಲು ಬೇಗ ಮುಂದೆ ಹೋಗಲಿ ಅಂತ ಮುಖ ಕೇಳೋದು ಎಷ್ಟು ಹೊಂದುತ್ತೆ ನೀವೇ ನೋಡಿ.

ಕೊನೆಗೆ ಉಪಯೋಗಕ್ಕೆ ಬರೋ ಒಂದು ಮಾತು. ಡಿಜಿಯಾತ್ರಾ ಕಡ್ಡಾಯ ಅಲ್ಲ. ಬಾಗಿಲಲ್ಲಿ ಯಾರಾದ್ರೂ ಫೋನ್ ಹಿಡಿದು "ಸರ್, ಮೇಡಂ, ಇಲ್ಲಿ ನೋಡಿ ಒಂದು ಫೋಟೋ" ಅಂದ್ರೆ, ಯಾಕೆ ಅಂತ ಕೇಳಿ. ಬೇಡ ಅಂದ್ರೆ ಬೇಡ ಅನ್ನಿ. ಟಿಕೆಟ್ಟು, ಗುರುತಿನ ಚೀಟಿ ತೋರಿಸಿ ಹೋಗೋ ಮಾಮೂಲಿ ಸಾಲು ಪಕ್ಕದಲ್ಲೇ ಇರುತ್ತೆ. ಸ್ವಲ್ಪ ಉದ್ದ ಇರುತ್ತೆ, ಅರ್ಧ ಗಂಟೆ ಮೊದಲೇ ಹೋಗಿ. ನಿಮ್ಮಲ್ಲಿ ಯಾರಿಗಾದ್ರೂ ಕೇಳದೇ ನೋಂದಣಿ ಮಾಡಿದ್ದು ಅನುಭವ ಆಗಿದ್ರೆ ದಿನಾಂಕ, ಗೇಟ್ ನಂಬರ್ ಸಮೇತ ನನಗೆ ಬರೆಯಿರಿ, ಒಟ್ಟಿಗೆ ಸೇರಿಸಿ ದೂರು ಕೊಡೋಣ.

ಜೈಭೀಮ್.