ಮುಚ್ಚಿದ ಲಾವಾ, ಸೀಳಿದ ಡೈಕ್: ಕಲಾದಗಿ ಪದರಗಳ ಕಾಲನಿರ್ಣಯ ಕುರಿತು ಒಂದು ತಕರಾರು

ಕಲಾದಗಿ ಪದರಶಿಲೆಗಳಲ್ಲಿ ಸ್ಟ್ರೊಮಟೊಲೈಟ್ ಪಳೆಯುಳಿಕೆಗಳಿವೆ. ಆದರೆ ಅವು ಕಾಲವನ್ನು ಬಿಗಿಯಾಗಿ ಹಿಡಿದುಕೊಡುವುದಿಲ್ಲ. ಸಾಕ್ಷಿ ನುಡಿಯಬೇಕಾದವು ಅಗ್ನಿಶಿಲೆಗಳೇ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಪದರಗಳನ್ನು ಕಲಾದಗಿ ಹೆಸರಿನಡಿ ವಿವರಿಸಿದರು, ಮುಂದೆ ಎಂ.ಎನ್. ವಿಶ್ವನಾಥಯ್ಯ ಬಾದಾಮಿ ಮರಳುಗಲ್ಲನ್ನು ಬೇರ್ಪಡಿಸಿದರು. ಮಡಿಕೆಗೊಂಡ ಬಾಗಲಕೋಟೆ ಗುಂಪಿನ ಮೇಲೆ, ಬಹುಮಟ್ಟಿಗೆ ಸಮತಲವಾಗಿರುವ ಬಾದಾಮಿ ಗುಂಪು ಕೋನೀಯ ಅಸಂಗತಿಯೊಂದಿಗೆ ಕೂತಿದೆ ಎಂಬಲ್ಲಿ ಈಗ ವಿವಾದವಿಲ್ಲ.

ಬೆಳಗಾವಿ ನಗರದ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷ ಹಳೆಯ ದಖ್ಖನ್ ಟ್ರ್ಯಾಪ್ ಲಾವಾ. ಖಾನಾಪುರ ದಾಟಿ ದಕ್ಷಿಣಕ್ಕೆ ಹೋದಂತೆ ಈ ಹೊದಿಕೆ ಮುಗಿದು ಧಾರವಾಡ ಪದರುಗಲ್ಲುಗಳು ಬಯಲಾಗುತ್ತವೆ. ಗೋಕಾಕದ ಕಡೆ ಅದೇ ಹೊದಿಕೆಯ ಅಂಚಿನಲ್ಲಿ ಕಲಾದಗಿ ಮರಳುಗಲ್ಲು ಕಾಣುತ್ತದೆ. 250 ಕೋಟಿ ವರ್ಷಕ್ಕೂ ಹಿಂದಿನ ಶಿಲೆಯನ್ನೂ ಅದಕ್ಕಿಂತ ಬಹಳ ಕಿರಿಯ ಶಿಲೆಯನ್ನೂ ಒಂದೇ ಲಾವಾ ಮುಚ್ಚಿದೆ. ಹಾಗಾದರೆ ಲಾವಾದ ವಯಸ್ಸು ಕೆಳಗಿನ ಪದರಕ್ಕೆ ಕನಿಷ್ಠ ಮಿತಿಯೇ ಹೊರತು ಮತ್ತೇನೂ ಅಲ್ಲ.

ಪದರವನ್ನು ಸೀಳಿ ನುಗ್ಗಿ ಗಟ್ಟಿಯಾದ ಅಗ್ನಿಶಿಲೆಯ ಗೋಡೆ, ಅಂದರೆ ಡೈಕ್, ಹೆಚ್ಚು ಹೇಳುತ್ತದೆ. ಶಿಲ್ಪಾ ಪಾಟೀಲ್ ಪಿಳ್ಳೈ, ಕಾಂಚನ್ ಪಾಂಡೆ, ವಿವೇಕ್ ಕಾಳೆ 2018ರಲ್ಲಿ ಮಲ್ಲಾಪುರದ ಇಂಥದೊಂದು ಅಂತಃಸರಣ ಶಿಲೆಗೆ ಆರ್ಗಾನ್ ವಿಧಾನದಿಂದ 115.4 ಕೋಟಿ ವರ್ಷ (±40 ಲಕ್ಷ) ಎಂದು ಲೆಕ್ಕ ಕೊಟ್ಟರು. ಅದು ಸೀಳಿದ ಬಾಗಲಕೋಟೆ ಗುಂಪು ಅದಕ್ಕಿಂತ ಹಳೆಯದು. ಶಿಲೆಯಿಂದ ಆರ್ಗಾನ್ ಸೋರಿದ್ದರೂ ಈ ಮಾತು ನಿಲ್ಲುತ್ತದೆ: ಸೋರಿಕೆ ವಯಸ್ಸನ್ನು ಕಡಿಮೆ ತೋರಿಸುತ್ತದೆ, ನಿಜವಾದ ಡೈಕ್ ಇನ್ನೂ ಹಳೆಯದಾಗುತ್ತದೆ. ಹೆಚ್ಚುವರಿ ಆರ್ಗಾನ್ ಸಿಕ್ಕಿಕೊಂಡಿದ್ದರೆ ಮಾತ್ರ ತೊಡಕು.

ತಕರಾರು ಇರುವುದು ಬಾದಾಮಿ ಗುಂಪಿನ ಬಗ್ಗೆ. ಅದು ಈ ಡೈಕಿಗಿಂತ ಕಿರಿಯದು ಎಂದು ಹಿಡಿಯುವುದು ವಾಡಿಕೆ. ಆದರೆ ಬಾದಾಮಿ ಪದರ ಮಡಿಕೆಯ ನಂತರದ್ದು. ಡೈಕೂ ಮಡಿಕೆಯ ನಂತರ ನುಗ್ಗಿದ್ದಾದರೆ ಇವೆರಡರಲ್ಲಿ ಮೊದಲು ಯಾವುದು ಎಂಬುದನ್ನು ಮಡಿಕೆ ಹೇಳಲಾರದು. ಡೈಕ್ ಬಾದಾಮಿಯನ್ನು ಸೀಳಿದ್ದು ಕಾಣುವುದಿಲ್ಲ ಎಂಬುದು ಕಾಣದಿರುವುದನ್ನೇ ಸಾಕ್ಷಿಯಾಗಿಸುವ ವಾದ; ಡೈಕುಗಳು ಎಲ್ಲೆಡೆ ಮೇಲೇರುವುದೂ ಇಲ್ಲ. ಬಾದಾಮಿ ಹಳೆಯದೆಂದು ನಾನು ವಾದಿಸುತ್ತಿಲ್ಲ, ಕಿರಿಯದೇ ಇದ್ದೀತು. ಆದರೆ ಈ ಒಂದು ಅಂಕಿಯಿಂದ ಅದು ಸಿದ್ಧವಾಗದು, ಕನಿಷ್ಠ ಮಲ್ಲಾಪುರದ ಪುರಾವೆಯ ಮಟ್ಟಿಗೆ.

ಬಾದಾಮಿ ತಳದ ಉರುಟುಗಲ್ಲುಗಳಲ್ಲಿ ಈ ಡೈಕಿನ ತುಣುಕು ಸಿಕ್ಕರೆ ವಿವಾದ ಮುಗಿದೀತು. ಸಿಗದಿದ್ದರೆ ಮುಗಿಯದು, ಏಕೆಂದರೆ ಡೈಕಿನ ಕಪ್ಪುಗಲ್ಲು ಬೇಗ ಕರಗಿ ಮಣ್ಣಾಗುತ್ತದೆ. ಮರಳಿನೊಳಗಿನ ಜಿರ್ಕಾನ್ ಕಣಗಳೂ, ಅವೂ ಬಹುಪಾಲು ಅಗ್ನಿಶಿಲೆಯವೇ, ಡೈಕಿಗಿಂತ ಕಿರಿಯವಾಗಿದ್ದರಷ್ಟೇ ತೀರ್ಪು ಕೊಡುತ್ತವೆ. ಬೆಳಗಾವಿಯ ಪಶ್ಚಿಮಕ್ಕೆ ಲಾವಾದಡಿ ಹುದುಗಿದ ಮರಳುಗಲ್ಲಿಗಂತೂ, ಅದು ಎರಡರಲ್ಲಿ ಯಾವ ಗುಂಪಿನದೆಂದು ಪದರದ ಓರೆ ನೋಡಿ ತಿಳಿಯುವವರೆಗೆ, 115.4 ಕೋಟಿಯ ಮಿತಿಯನ್ನು ಹಚ್ಚಲಾಗದು.