ಜಾಲಿ ಕಳೆದುಕೊಂಡ ಹೆಸರು

ನಮ್ಮ ಬಯಲುಸೀಮೆಯಲ್ಲಿ ಕೆರೆಯ ಅಂಗಳ, ಹೊಲದ ಬದು, ಹಳ್ಳದ ದಂಡೆ ಎಲ್ಲಿ ನೋಡಿದರೂ ಕರಿಜಾಲಿಯ ಮರವುಂಟು. ಅದರ ಗಟ್ಟಿ ಮರ ಗಾಡಿಯ ಗಾಲಿಗೆ, ನೇಗಿಲಿಗೆ, ತೊಗಟೆ ಚರ್ಮ ಹದಮಾಡುವವರಿಗೆ, ಕಾಯಿ ಆಡುಕುರಿಗಳಿಗೆ, ಎಳೆಯ ಕಡ್ಡಿ ಹಲ್ಲುಜ್ಜುವವರಿಗೆ, ಮುಳ್ಳು ಹೊಲದ ಬೇಲಿಗೆ, ಕೆಲವೊಮ್ಮೆ ದಾರಿಹೋಕರ ಪಾದಕ್ಕೆ. ಇಷ್ಟು ಪರಿಚಿತವಾದ ಮರವನ್ನು ಸಸ್ಯಶಾಸ್ತ್ರಜ್ಞರು ಸುಮಾರು ಎರಡು ಶತಮಾನಗಳ ಕಾಲ 'ಅಕೇಶಿಯ' ಎಂದು ಕರೆದರು. 2005ನೆಯ ಇಸವಿಯ ಜುಲೈ ತಿಂಗಳಿನಲ್ಲಿ ವಿಯೆನ್ನಾ ನಗರದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ಆ ಹೆಸರನ್ನು ಜಾಲಿಯಿಂದ ತೆಗೆದು ಆಸ್ಟ್ರೇಲಿಯದ ಮರಗಳಿಗೆ ಕೊಟ್ಟಿತು. ಜಾಲಿಯು ಅಂದಿನಿಂದ 'ವಾಚೆಲಿಯ'. ಇದು ನಡೆದ ಬಗೆಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ಕನ್ನಡ ಪಂಡಿತನಿಗೆ ಸಸ್ಯಶಾಸ್ತ್ರದಲ್ಲೇನು ಕೆಲಸವೆಂದು ಯಾರಾದರೂ ಕೇಳಬಹುದು. ಗಿಡದ ವಿಷಯ ಅವರದಾದರೂ ಹೆಸರಿನ ವಿಷಯ ನಮ್ಮದೂ ಹೌದಷ್ಟೆ. ಅದರಲ್ಲಿಯೂ ಸಸ್ಯಗಳ ಶಾಸ್ತ್ರೀಯ ನಾಮಕರಣವೆಂಬುದು ಒಂದು ವ್ಯಾಕರಣದಂತೆಯೇ ಇದೆ. ಪ್ರತಿಯೊಂದು ಗಿಡಕ್ಕೂ ಎರಡು ಪದಗಳ ಹೆಸರು: ಮೊದಲನೆಯದು ಜಾತಿ, ಎರಡನೆಯದು ಪ್ರಭೇದ. ನಮ್ಮ ರೈತರ ನುಡಿಯಲ್ಲಿಯೂ ಇದೇ ಕ್ರಮವಿದೆ, ಪದಗಳು ಮಾತ್ರ ಹಿಂದುಮುಂದಾಗಿವೆ. ಕರಿಜಾಲಿ, ಬಿಳಿಜಾಲಿ, ಕಸ್ತೂರಿ ಜಾಲಿ ಎಂಬಲ್ಲಿ 'ಜಾಲಿ' ಎಂಬುದು ಜಾತಿ. ಕರಿ, ಬಿಳಿ, ಕಸ್ತೂರಿಗಳು ಪ್ರಭೇದವನ್ನು ಹೇಳುವ ವಿಶೇಷಣಗಳು. ಒಂದು ಪ್ರಭೇದವನ್ನು ಒಂದು ಜಾತಿಯಿಂದ ತೆಗೆದು ನೆರೆಯ ಜಾತಿಗೆ ಸೇರಿಸಿದರೆ ಮೊದಲ ಪದ ಬದಲಾಗುತ್ತದೆ, ಎರಡನೆಯದು ಸಾಮಾನ್ಯವಾಗಿ ಉಳಿಯುತ್ತದೆ. ಮೊದಲು ಹೆಸರಿಟ್ಟವನ ಹೆಸರನ್ನು ಕಂಸದೊಳಗೆ ಬರೆದು, ವರ್ಗ ಮಾಡಿದವನ ಹೆಸರನ್ನು ಅದರ ಹೊರಗೆ ಬರೆಯುತ್ತಾರೆ. ಹೀಗೆ ಮೊದಲಿನವನ ಋಣವೂ ತೀರುತ್ತದೆ, ಬಂದ ದಾರಿಯೂ ತಿಳಿಯುತ್ತದೆ. ನಮ್ಮ ಗ್ರಂಥಸಂಪಾದಕರು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಇದೇ ಮನೋಧರ್ಮದಿಂದಲ್ಲವೆ?

ಜಾಲಿಯ ಶಾಸ್ತ್ರನಾಮದ ಚರಿತ್ರೆ ಬಹಳ ಹಿಂದಕ್ಕೆ ಹೋಗುತ್ತದೆ. ಕ್ರಿಸ್ತಶಕ ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸನು ಈಜಿಪ್ಟಿನ ಒಂದು ಮುಳ್ಳುಮರವನ್ನು 'ಅಕಕಿಯ' ಎಂದು ಕರೆದು, ಅದರ ಅಂಟಿನ ಗುಣಗಳನ್ನೂ ಕಾಯಿಯ ರಸದ ಗುಣಗಳನ್ನೂ ಹೇಳಿದ್ದಾನೆ. ಮೊನೆ, ಮುಳ್ಳು ಎಂಬರ್ಥದ ಗ್ರೀಕ್ ಮೂಲದಿಂದ ಈ ಪದ ಹುಟ್ಟಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ನೈಲ್ ನದಿಯ ದಂಡೆಯ ಆ ಮರವೂ ನಮ್ಮ ಕರಿಜಾಲಿಯೂ ಒಂದೇ ಪ್ರಭೇದ. ಸ್ವೀಡನ್ ದೇಶದ ಲಿನೀಯಸ್ ಪಂಡಿತನು 1753ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದಾಗ ಇದನ್ನು 'ಮಿಮೋಸ ನೈಲೋಟಿಕ' ಎಂದು ಬರೆದ. ಅಂದರೆ ಮುಟ್ಟಿದರೆ ಮುನಿಗೂ ಜಾಲಿಗೂ ಒಂದೇ ಮನೆತನ! ಮರುವರ್ಷವೇ, 1754ರಲ್ಲಿ, ಲಂಡನ್ನಿನ ಚೆಲ್ಸಿ ಔಷಧಿ ತೋಟದ ಫಿಲಿಪ್ ಮಿಲ್ಲರನು ಅಕೇಶಿಯವನ್ನು ಬೇರೆ ಜಾತಿಯೆಂದು ಎತ್ತಿಹಿಡಿದ. ನೆಪೋಲಿಯನ್ನನ ದಂಡಯಾತ್ರೆಯೊಡನೆ ಈಜಿಪ್ಟಿಗೆ ಹೋಗಿದ್ದ ದೆಲೀಲ್ ಎಂಬ ಫ್ರೆಂಚ್ ವಿದ್ವಾಂಸನ ಗ್ರಂಥದಲ್ಲಿ, 1813ರಲ್ಲಿ, ಮರವು 'ಅಕೇಶಿಯ ನೈಲೋಟಿಕ' ಎನಿಸಿತು. ನಡುವೆ 'ಅಕೇಶಿಯ ಅರಾಬಿಕ' ಎಂಬ ಮತ್ತೊಂದು ಹೆಸರೂ ಬಳಕೆಗೆ ಬಂತು. ನಮ್ಮ ದೇಶದ ಹಳೆಯ ಅರಣ್ಯಗ್ರಂಥಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಬಹುಕಾಲ ಮೆರೆದದ್ದು ಇದೇ.

ಅಕೇಶಿಯದ ಮನೆ ಹಿಗ್ಗುತ್ತ ಹೋಯಿತು. ಇಂಗ್ಲೆಂಡಿನ ಜಾರ್ಜ್ ಬೆಂಥಮ್ 1842ರಲ್ಲಿ ಅದಕ್ಕೆ ಖಚಿತವಾದ ಎಲ್ಲೆಯನ್ನು ಹಾಕಿದ. ಹೂವಿನಲ್ಲಿ ಕೇಸರಗಳು ಹತ್ತಕ್ಕಿಂತ ಬಹಳ ಹೆಚ್ಚಾಗಿದ್ದು, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿದ್ದರೆ ಅದು ಅಕೇಶಿಯ. ಕೇಸರಗಳು ಹತ್ತರೊಳಗಿದ್ದರೆ ಮಿಮೋಸ; ಬುಡದಲ್ಲಿ ಕೂಡಿಕೊಂಡಿದ್ದರೆ ಬಾಗೆಮರದ ಬಳಗ. ಇಷ್ಟು ಸುಲಭವಾದ ಲಕ್ಷಣ ಸಿಕ್ಕಿದ ಮೇಲೆ ಕೇಳಬೇಕೆ? ಆಫ್ರಿಕದ ಅಂಟಿನ ಮರಗಳು, ನಮ್ಮ ಜಾಲಿಗಳು, ತಲೆಗೆ ತಿಕ್ಕುವ ಸೀಗೆ, ವೀಳ್ಯಕ್ಕೆ ಹಾಕುವ ಕಾಚಿನ ಮರ, ಆಸ್ಟ್ರೇಲಿಯದ ನೂರಾರು ಬಗೆಯ ಮರಗಳು ಎಲ್ಲವೂ ಒಂದೇ ಸೂರಿನಡಿ ಬಂದವು. ಕೊನೆಗೆ ಈ ಮನೆತನದ ಸದಸ್ಯರ ಸಂಖ್ಯೆ 1,300ನ್ನು ದಾಟಿತು.

ಇವು ಒಂದೇ ಕುಲದವೆಂಬುದು ನಮ್ಮ ಹಳ್ಳಿಗರಿಗೆ ಒಪ್ಪಿಗೆಯಾಗುತ್ತಿದ್ದುದು ಕಷ್ಟ. ಅವರು ಸೀಗೆಯನ್ನು ಎಂದೂ ಜಾಲಿ ಎಂದವರಲ್ಲ. ಮುಳ್ಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಜಾಲಿಯ ಎಲೆಯ ಬುಡದಲ್ಲಿ ಎರಡು ನೇರವಾದ ಮುಳ್ಳುಗಳು ಜೋಡಿಯಾಗಿ ನಿಂತಿರುತ್ತವೆ. ಸಸ್ಯಶಾಸ್ತ್ರದ ಪ್ರಕಾರ ಅವು ಎಲೆಯ ಬುಡದ ಕಿರುಗರಿಗಳೇ ಮುಳ್ಳಾಗಿ ಮಾರ್ಪಟ್ಟವು. ಸೀಗೆಯ ಮುಳ್ಳು ಹಾಗಲ್ಲ. ಅದು ಬೆಕ್ಕಿನ ಉಗುರಿನಂತೆ ಹಿಂದಕ್ಕೆ ಬಾಗಿರುತ್ತದೆ, ಸಿಪ್ಪೆಯ ಮೇಲಿಂದ ಎದ್ದದ್ದು. ಸೀಗೆಯ ಮೆಳೆಯೊಳಗೆ ಬಟ್ಟೆ ಸಿಕ್ಕಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಚು ಕೊಡುವ ಖದಿರಕ್ಕೂ ಇಂಥದೇ ಕೊಕ್ಕೆಮುಳ್ಳು. ಇನ್ನು ಆಸ್ಟ್ರೇಲಿಯದ ಬಹುಪಾಲು ಮರಗಳಿಗೆ ಮುಳ್ಳೇ ಇಲ್ಲ. ಎಷ್ಟೋ ಪ್ರಭೇದಗಳಲ್ಲಿ ಸಣ್ಣ ಸಣ್ಣ ಎಲೆಗಳೂ ಇಲ್ಲದೆ, ಎಲೆಯ ತೊಟ್ಟೇ ಚಪ್ಪಟೆಯಾಗಿ ಎಲೆಯಂತೆ ಕೆಲಸ ಮಾಡುತ್ತದೆ.

ಈ ಭೇದಗಳು ಪಂಡಿತರ ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಮದರಾಸು ಪ್ರಾಂತ್ಯದಲ್ಲಿ ವೈದ್ಯನಾಗಿದ್ದ ರಾಬರ್ಟ್ ವೈಟ್, ಸ್ಕಾಟ್ಲೆಂಡಿನ ವಾಕರ್ ಆರ್ನಾಟ್ ಇವರಿಬ್ಬರೂ ಕೂಡಿ ನಮ್ಮ ದಕ್ಷಿಣ ಭಾರತದ ಸಸ್ಯಗಳನ್ನು ಕುರಿತು 1834ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಸ್ತೂರಿ ಜಾಲಿಯನ್ನು ಅಕೇಶಿಯದಿಂದ ಬೇರ್ಪಡಿಸಿ 'ವಾಚೆಲಿಯ' ಎಂಬ ಹೊಸ ಜಾತಿಯನ್ನು ಮಾಡಿದರು. ಚೀನಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿದ್ದು ಗಿಡಗಳನ್ನು ಸಂಗ್ರಹಿಸುತ್ತಿದ್ದ ಜಾರ್ಜ್ ವಾಚೆಲ್ ಎಂಬಾತನ ಗೌರವಾರ್ಥ ಈ ಹೆಸರು. ನಾಲ್ಕು ವರ್ಷಗಳ ತರುವಾಯ, 1838ರಲ್ಲಿ, ಅಮೆರಿಕದಲ್ಲಿದ್ದ ರಫಿನೆಸ್ಕ್ ಎಂಬಾತ ಸೆನೆಗಲ್ ದೇಶದ ಹೆಸರಿನಿಂದ 'ಸೆನೆಗಾಲಿಯ' ಎಂಬ ಜಾತಿಯನ್ನು ಕಟ್ಟಿದ. ಕಂಡಕಂಡದ್ದಕ್ಕೆಲ್ಲ ಹೊಸ ಹೆಸರಿಡುವ ಚಪಲದವನೆಂದು ಸಮಕಾಲೀನರು ಈತನನ್ನು ಹಗುರವಾಗಿ ಕಂಡರು. ಬೆಂಥಮ್ಮನ ಪ್ರಭಾವದ ಮುಂದೆ ಈ ಎರಡು ಹೆಸರುಗಳೂ ನಿಲ್ಲಲಿಲ್ಲ. ನೂರೈವತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದವು.

ಅವನ್ನು ಮತ್ತೆ ಬೆಳಕಿಗೆ ತರುವ ಚರ್ಚೆಗೆ ಬಲ ಬಂದದ್ದು 1986ರಲ್ಲಿ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಲೆಸ್ ಪೆಡ್ಲಿ ಎಂಬ ವಿದ್ವಾಂಸರು ಅಕೇಶಿಯವನ್ನು ಮೂರು ಜಾತಿಗಳಾಗಿ ಒಡೆಯಬೇಕೆಂದು ವಾದಿಸಿದರು. ಅವರ ಲೆಕ್ಕದಲ್ಲಿ ಜಾಲಿಯ ಬಳಗ ಅಕೇಶಿಯವಾಗಿಯೇ ಉಳಿಯಬೇಕು. ಸೀಗೆ, ಖದಿರಗಳು ಸೆನೆಗಾಲಿಯವಾಗಬೇಕು. ತಮ್ಮ ದೇಶದ ಮರಗಳೇ 'ರಾಕೊಸ್ಪರ್ಮ' ಎಂಬ ಬೇರೆ ಹೆಸರನ್ನು ಹೊರಬೇಕು. ಸ್ವದೇಶಾಭಿಮಾನಕ್ಕೆ ಕಟ್ಟುಬೀಳದೆ ನಿಯಮದಂತೆ ನುಡಿದ ಈ ಮಹನೀಯರನ್ನು ಮೆಚ್ಚಬೇಕು. ಮುಂದೆ ಜೀವಕೋಶಗಳ ಡಿ.ಎನ್.ಎ.ಯನ್ನು ಹೋಲಿಸುವ ವಿದ್ಯೆ ಬೆಳೆದ ಮೇಲೆ ಒಡೆಯಬೇಕೆಂಬ ಮಾತು ನಿಜವೆಂದು ಗೊತ್ತಾಯಿತು. ಆಸ್ಟ್ರೇಲಿಯದ ಮರಗಳು ಜಾಲಿಗಿಂತ ಬಾಗೆಮರದ ಬಳಗಕ್ಕೇ ಹತ್ತಿರದ ನೆಂಟರು. ಹೊರಗೆ ಕಾಣುವ ಬಿಡಿ ಕೇಸರಗಳ ಹೋಲಿಕೆ ಒಳಗಿನ ರಕ್ತಸಂಬಂಧವಾಗಿರಲಿಲ್ಲ.

ಮನೆ ಒಡೆಯುವುದು ನಿಶ್ಚಯವಾದ ಮೇಲೆ ಹಳೆಯ ಹೆಸರು ಯಾರ ಪಾಲಿಗೆ ಎಂಬ ಪ್ರಶ್ನೆ ಬಂತು. ಇದಕ್ಕೆ ಶಾಸ್ತ್ರದಲ್ಲಿ ಸ್ಪಷ್ಟವಾದ ವಿಧಿಯಿದೆ. ಪ್ರತಿಯೊಂದು ಜಾತಿಗೂ ಒಂದು ಪ್ರಭೇದವನ್ನು ಮಾದರಿಯೆಂದು ಗೊತ್ತುಮಾಡಿರುತ್ತಾರೆ. ಜಾತಿ ಒಡೆದಾಗ ಆ ಮಾದರಿ ಯಾವ ಪಾಲಿನಲ್ಲಿದೆಯೋ ಹೆಸರೂ ಆ ಪಾಲಿಗೆ ಸಲ್ಲುತ್ತದೆ. ಅಕೇಶಿಯದ ಮಾದರಿಯೆಂದು 1913ರಲ್ಲಿ ಗೊತ್ತಾಗಿದ್ದದ್ದು ನೈಲ್ ದಂಡೆಯ ಮರ, ಎಂದರೆ ನಮ್ಮ ಕರಿಜಾಲಿಯೇ. ವಿಧಿಯಂತೆ ನಡೆದಿದ್ದರೆ ವ್ಯಾಜ್ಯವೇ ಇರಲಿಲ್ಲ.

ಆದರೆ ವಿಧಿಗೆ ಅಪವಾದವೂ ಉಂಟು. ಅನೇಕ ಹೆಸರುಗಳು ಬುಡಮೇಲಾಗುವ ಸಂದರ್ಭದಲ್ಲಿ ಮಾದರಿಯನ್ನೇ ಬದಲಿಸಿ ಬಳಕೆಯ ಹೆಸರನ್ನು ಕಾಪಾಡಬಹುದು. ಆಸ್ಟ್ರೇಲಿಯದ ಆರ್ಚರ್ಡ್ ಮತ್ತು ಮಾಸ್ಲಿನ್ ಎಂಬ ವಿದ್ವಾಂಸರು 2003ರಲ್ಲಿ ಈ ಅಪವಾದವನ್ನು ಬೇಡಿದರು. ಜಾಲಿಯ ಬಳಗದಲ್ಲಿ ಸುಮಾರು 160 ಪ್ರಭೇದಗಳು. ಆಸ್ಟ್ರೇಲಿಯದ ಬಳಗದಲ್ಲಿ 900ಕ್ಕೂ ಹೆಚ್ಚು. ಸಾವಿರದ ಹತ್ತಿರ ಹೆಸರುಗಳನ್ನು ತಿದ್ದುವುದಕ್ಕಿಂತ ನೂರರವತ್ತನ್ನು ತಿದ್ದುವುದು ಲೋಕಕ್ಕೆ ಸುಲಭವೆಂಬುದು ಅವರ ವಾದ. ಅವರ ನಾಡಿನಲ್ಲಿ ಈ ಮರದ ಹಳದಿ ಹೂವು 1988ರಿಂದ ರಾಷ್ಟ್ರಪುಷ್ಪವೂ ಹೌದು. ಆಫ್ರಿಕದವರು ಇದನ್ನು ಬಲವಾಗಿ ವಿರೋಧಿಸಿದರು. ಕೊಡೆ ಹಿಡಿದಂತೆ ನಿಂತ ಅಕೇಶಿಯ ಮರವಿಲ್ಲದೆ ಆಫ್ರಿಕದ ಬಯಲಿನ ಚಿತ್ರವನ್ನು ಯಾರಾದರೂ ಕಲ್ಪಿಸಿಕೊಂಡಾರೆ? ಅದೂ ಅಲ್ಲದೆ ಈ ಮರಗಳ ಹೆಸರು ಏಷ್ಯ, ಆಫ್ರಿಕ, ಅಮೆರಿಕ ಮೂರು ಖಂಡಗಳಲ್ಲಿ ರೂಢವಾದದ್ದು.

ವಿಯೆನ್ನಾ ಸಮ್ಮೇಳನದಲ್ಲಿ ಇದು ಮತಕ್ಕೆ ಬಂತು. ನೂರಕ್ಕೆ ಸುಮಾರು 55 ಮತಗಳು ಬದಲಾವಣೆಗೆ ವಿರುದ್ಧವಾಗಿ ಬಿದ್ದವು. ಆದರೆ ಸಮಿತಿಯು ಮೊದಲೇ ಮಾಡಿದ್ದ ಶಿಫಾರಸನ್ನು ತಳ್ಳಿಹಾಕಲು ನೂರಕ್ಕೆ 60 ಬೇಕೆಂಬುದು ಅಲ್ಲಿನ ಕಟ್ಟಳೆಯಾಗಿತ್ತು. ಹೀಗೆ ಹೆಚ್ಚು ಮತ ಪಡೆದ ಪಕ್ಷ ಸೋತು, ಕಡಿಮೆ ಪಡೆದ ಪಕ್ಷ ಗೆದ್ದಿತು! ಆರು ವರ್ಷಗಳ ಮೇಲೆ, 2011ರಲ್ಲಿ, ಸಮ್ಮೇಳನ ಸೇರಿದ್ದು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿಯೇ. ಅಲ್ಲಿ ವಿಯೆನ್ನಾದ ತೀರ್ಮಾನ ಸ್ಥಿರವಾಯಿತು. ಕರಿಜಾಲಿ 'ವಾಚೆಲಿಯ ನೈಲೋಟಿಕ'ವಾಯಿತು, ಬಿಳಿಜಾಲಿ 'ವಾಚೆಲಿಯ ಲ್ಯೂಕೊಫ್ಲಿಯ'. ಸೀಗೆ, ಖದಿರಗಳು ಸೆನೆಗಾಲಿಯವಾದವು. ಮುಳ್ಳಿನಿಂದ ಹುಟ್ಟಿದ ಹೆಸರು ಮುಳ್ಳಿಲ್ಲದ ಮರಗಳಿಗೆ ಹೋಯಿತು. ಜಾತಿಯನ್ನು ಒಡೆದದ್ದು ಸರಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹೆಸರಿನ ಹಂಚಿಕೆಯಲ್ಲಿ ಮಾತ್ರ ತಲೆಗಳ ಎಣಿಕೆ ನಡೆಯಿತೇ ಹೊರತು ಹಿರಿತನಕ್ಕೆ ಬೆಲೆ ಸಿಕ್ಕಲಿಲ್ಲವೆಂದು ನನ್ನ ಅಭಿಪ್ರಾಯ. ಸೌಕರ್ಯವೂ ಒಂದು ನ್ಯಾಯವೆಂದು ವಾದಿಸುವವರು ವಾದಿಸಲಿ.

ಇದರಲ್ಲೊಂದು ವಿನೋದವಿದೆ. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅರಣ್ಯ ಇಲಾಖೆಯವರು ಗುಡ್ಡಗುಡ್ಡಗಳ ಮೇಲೆ ನೆಡಿಸಿದ ಒಂದು ಮರವನ್ನು ಜನ 'ಅಕೇಶಿಯಾ' ಎಂದೇ ಕರೆಯುತ್ತಾರೆ. ಅದರ ನೆಲೆ ಆಸ್ಟ್ರೇಲಿಯ, ನ್ಯೂಗಿನಿಗಳ ಕಡೆ. ಕಿವಿಯಂತೆ ಮುರುಟಿಕೊಂಡ ಕಾಯಿಯಿಂದ ಅದಕ್ಕೆ 'ಆರಿಕ್ಯುಲಿಫಾರ್ಮಿಸ್' ಎಂಬ ವಿಶೇಷಣ. ಆ ಪರದೇಶಿಯ ಮರ ಇಂದಿಗೂ ಶಾಸ್ತ್ರಸಮ್ಮತವಾದ ಅಕೇಶಿಯ. ನಮ್ಮ ಜಾಲಿ ಅಲ್ಲ. ಅದರ ಎಳೆಯ ಸಸಿ ಸಿಕ್ಕಿದರೆ ಮಕ್ಕಳಿಗೆ ತೋರಿಸಿರಿ. ಮೊದಲ ಎಲೆಗಳು ಜಾಲಿಯ ಎಲೆಯಂತೆ ಸಣ್ಣ ಸಣ್ಣ ದಳಗಳಾಗಿದ್ದು, ಬರಬರುತ್ತ ತೊಟ್ಟು ಅಗಲವಾಗಿ ದಳಗಳು ಮಾಯವಾಗುವುದನ್ನು ಒಂದೇ ಸಸಿಯಲ್ಲಿ ಕಾಣಬಹುದು.

ಎಲ್ಲ ಕಡೆಯೂ ನಮ್ಮ ಮರಗಳೇ ಸೋತವೆಂದು ತಿಳಿಯಬೇಕಾಗಿಲ್ಲ. ವಿಜಯದಶಮಿಯಂದು ಪೂಜೆಗೊಳ್ಳುವ ಶಮೀವೃಕ್ಷವನ್ನು, ಎಂದರೆ ಬನ್ನಿಯನ್ನು, ಲಿನೀಯಸ್ಸನು 1767ರಲ್ಲಿ 'ಪ್ರೊಸೋಪಿಸ್' ಎಂಬ ಹೊಸ ಜಾತಿಗೆ ಆಧಾರವನ್ನಾಗಿ ಮಾಡಿದ. (ಕನ್ನಡ ನಾಡಿನ ಕೆಲವೆಡೆ ಬನ್ನಿಯೆಂದು ಪೂಜಿಸುವುದು ಖದಿರದ ಬಳಗದ ಬೇರೊಂದು ಮರವನ್ನು, ಲೋಕನಾಮಗಳ ತೊಡಕು ಇಂಥದು.) ಕಾಲಕ್ರಮದಲ್ಲಿ ಅಮೆರಿಕದ ಹಲವು ಮರಗಳು ಆ ಜಾತಿಗೆ ಬಂದು ಸೇರಿದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತಂದು ಬಿಟ್ಟ, ಇಂದು ಕೆರೆ ಹೊಲಗಳನ್ನೆಲ್ಲ ನುಂಗುತ್ತಿರುವ ಬಳ್ಳಾರಿ ಜಾಲಿ ಅವುಗಳಲ್ಲೊಂದು. ನಿಜವಾದ ಜಾಲಿಗೂ ಅದಕ್ಕೂ ಮುಳ್ಳಿನ ಹೊರತು ಬಾಂಧವ್ಯ ಅಷ್ಟಕ್ಕಷ್ಟೆ. 2022ರಲ್ಲಿ ವಿದ್ವಾಂಸರು ಈ ಜಾತಿಯನ್ನೂ ಒಡೆದರು. ಇಲ್ಲಿ ಅಮೆರಿಕದ ಮರಗಳ ಸಂಖ್ಯೆಯೇ ಬಹಳ ದೊಡ್ಡದು. ಹಾಗಿದ್ದರೂ ಮಾದರಿಯ ವಿಧಿಯಂತೆ ನಡೆದು 'ಪ್ರೊಸೋಪಿಸ್' ಎಂಬ ಹೆಸರನ್ನು ಬನ್ನಿ ಮತ್ತು ಅದರ ಎರಡು ಹತ್ತಿರದ ನೆಂಟರಿಗೇ ಬಿಟ್ಟರು. ಬಳ್ಳಾರಿ ಜಾಲಿ 'ನೆಲ್ಟುಮ' ಎಂಬ ಜಾತಿಗೆ ಹೋಯಿತು. ಆ ಹೆಸರನ್ನು ಕಟ್ಟಿದವನು ಯಾರು? ಅದೇ ರಫಿನೆಸ್ಕ್, ಸೆನೆಗಾಲಿಯವನ್ನು ಕಟ್ಟಿದ ಅದೇ 1838ರ ಗ್ರಂಥದಲ್ಲಿ.

ಒಣಗಿಸಿದ ಸಸ್ಯಗಳನ್ನು ಕಾಗದಕ್ಕಂಟಿಸಿ ಕಾಪಾಡುವ ಸಸ್ಯಾಗಾರಗಳಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಹೆಸರು ಬದಲಾದಾಗ ಹಳೆಯ ಚೀಟಿಯನ್ನು ಕೀಳುವುದಿಲ್ಲ. ಹೊಸ ಚೀಟಿಯನ್ನು ಬರೆದು, ದಿನಾಂಕ ಹಾಕಿ, ಪಕ್ಕದಲ್ಲಿ ಅಂಟಿಸುತ್ತಾರೆ. ಇನ್ನೂರು ವರ್ಷದ ಹಿಂದೆ ಕೊಯ್ದ ಜಾಲಿಯ ಒಂದು ರೆಂಬೆಯ ಹಾಳೆಯಲ್ಲಿ ಮಿಮೋಸ, ಅಕೇಶಿಯ ಅರಾಬಿಕ, ಅಕೇಶಿಯ ನೈಲೋಟಿಕ, ವಾಚೆಲಿಯ ನೈಲೋಟಿಕ ಎಂಬ ನಾಲ್ಕು ಚೀಟಿಗಳೂ ಬೇರೆ ಬೇರೆಯವರ ಕೈಬರಹದಲ್ಲಿ ಸಾಲಾಗಿ ಇರಬಹುದು.